ಕಾವೇರಿಯ ಸೀಟಿ

ಕಣ್ಣು ಹೊಡೆದ ಪ್ರಯಾಣಿಕನನ್ನು ಕಂಡಕ್ಟರ್ ಕಾವೇರಿ ಬಿಟ್ಟಾಳೆಯೇ? ಅವನು ಇಳಿಯಬೇಕಿದ್ದ ಯಂಕಂಚಿ ಇನ್ನೂ ಎರಡು ಕಿಲೋಮೀಟರ್ ಇರುವಾಗಲೇ ಸೀಟಿ ಊದಿ ಇಳಿಸಿಬಿಟ್ಟಳು.

“ನೀವ ಮೊದಲ ಹೊಡದ್ರೆಲ್ರಿ!” ಎಂದ ಪರಮಾನಂದ ಮಾಸ್ತರ, ರಣಬಿಸಿಲಲ್ಲಿ ನಿಂತು.

ಬಸ್ಸು ಹೊರಟಾಗ ಅವಳ ಎಡಗಣ್ಣು ಮತ್ತೆ ಪಟಪಟ ಮುಚ್ಚಿಕೊಂಡಿತು, ತುಟಿಯಂಚೂ ಜೊತೆಗೆ ಜಗ್ಗಿತು. ನಾಲ್ಕು ವರ್ಷದಿಂದ ಇದೇ ಪಾಡು. ಕನ್ಯಾ ನೋಡಲು ಬಂದ ನಾಲತವಾಡದವರು, ಹುಡುಗಿ ವರನ ಅಣ್ಣನಿಗೆ ಕಣ್ಣು ಹೊಡೆದಳೆಂದು ಚಹಾ ಕುಡಿಯದೆ ಎದ್ದುಹೋಗಿದ್ದರು.

ಮರುದಿನ ಮಾಸ್ತರ ತಲೆ ತಗ್ಗಿಸಿಕೊಂಡೇ ಬಸ್ ಹತ್ತಿದ. ಹತ್ತುವ ಮೊದಲೇ ಡ್ರೈವರ್ ಗೈಬುಸಾಬ ಅವನಿಗೆ ಎಲ್ಲ ಹೇಳಿದ್ದ.

“ತಪ್ಪಾತ್ರಿ. ಗೊತ್ತಿರಲಿಲ್ಲ.”

“ಕಿವಿ ಹಿಂದ ರಕ್ತನಾಳ ನರಕ್ಕ ಒತ್ತಾಕತ್ತೇತಂತ್ರಿ. ನಾ ಯಾರಿಗೂ ಕಣ್ಣ ಹೊಡ್ಯಾಂಗಿಲ್ಲ.”

“ನನಗೂ ಇಲ್ಲೇನ್ರಿ?”

ಅವಳಿಗೆ ನಗು ತಡೆಯಲಾಗಲಿಲ್ಲ. ಕಿಟಕಿಯತ್ತ ತಿರುಗಿಸಿ ಬಚ್ಚಿಡುತ್ತಿದ್ದ ಎಡಗೆನ್ನೆಯನ್ನು ಅಂದಿನಿಂದ ಅವನೊಬ್ಬನಿಂದ ಮರೆಮಾಡಲಿಲ್ಲ.

ಚೆಂದದ ಮುಖದಲ್ಲಿ ಅವನೆದುರು ನಿಲ್ಲಬೇಕು ಎಂಬ ಆಸೆಗೇ ಅವಳು ಆಪರೇಷನ್ನಿಗೆ ಒಪ್ಪಿದಳು. “ಬಂದ ಮ್ಯಾಲ ಒಂದ ಮಾತ ಕೇಳೂದೈತ್ರಿ,” ಎಂದಿದ್ದ ಅವನು.

ಅದುರುವುದು ನಿಂತಿತು. ಆದರೆ ಎಡಮುಖ ಸ್ವಾಧೀನ ತಪ್ಪಿ ಸೋತುಹೋಯಿತು. ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದರು ಡಾಕ್ಟರು. ಸೀಟಿ ಹಿಡಿಯಲು ತುಟಿಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಬಸ್ಸಿನ ಕೆಲಸ ತಪ್ಪಿ ಡಿಪೋದ ಕುರ್ಚಿ ಗತಿಯಾಯಿತು. ಮಾಸ್ತರನ ಫೋನ್ ಎತ್ತುವುದನ್ನೇ ಬಿಟ್ಟಳು. ರಾತ್ರಿಯೆಲ್ಲ ಅವನದೇ ನೆನಪು, ಹಗಲೆಲ್ಲ ಕನ್ನಡಿಯ ಭಯ.

ಒಂದು ರವಿವಾರ ಅವನು ಹೊರ್ತಿಯ ಅವಳ ಮನೆಗೇ ಬಂದ. ಕಾವೇರಿ ಸೆರಗನ್ನು ಕೆನ್ನೆಗೆ ಎಳೆದುಕೊಂಡಳು.

“ಬ್ಯಾರೆ ಹೆಣ್ಣ ನೋಡ್ಕೊಳ್ರಿ ಮಾಸ್ತರ. ಮೊದಲ ಕಣ್ಣರ ಹೊಡೀತಿತ್ತು. ಈಗ ನಕ್ರೂ ಅರ್ಧಾನ ನಗತೇನಿ.”

ಅವನು ಅವಳನ್ನೇ ನೋಡುತ್ತ ಒಮ್ಮೆ ಕಣ್ಣು ಹೊಡೆದ. ಅಂದಿನದೇ ತುಂಟತನ, ಆದರೆ ಕಣ್ಣಲ್ಲಿ ನೀರಿತ್ತು.

“ಈಗ ಇಳಸ್ರಿ ನೋಡೂನು.”

ಗೂಟಕ್ಕೆ ತೂಗುಹಾಕಿದ್ದ ಸೀಟಿಯನ್ನು ತೆಗೆದು ಕಾವೇರಿ ಬಾಯಿಗಿಟ್ಟಳು. ಉಸಿರೆಲ್ಲ ಎಡಗಡೆಯಿಂದ ಸೋರಿಹೋಯಿತು. ಮತ್ತೊಮ್ಮೆ ಊದಿದಳು, ಸದ್ದಿಲ್ಲ. ಅಳು ಒತ್ತರಿಸಿ ಬಂತು.

“ಊದಾಕ ಬರವಲ್ದ್ರಿ.”

“ಹಂಗಾರ ನಾ ಇಳ್ಯಾಂಗಿಲ್ಲ,” ಎಂದ ಪರಮಾನಂದ, ಅವಳ ಎಡಕ್ಕೆ ಬಂದು ಕುಳಿತ.