ಮಾವನ ಐದು ಬ್ಯಾಂಡು

“ಎಲ್ಲೇ ಗಂಗಿ, ನಿನ್ನ ಬ್ಯಾಂಡು?” ಕರಿಯಣ್ಣ ಮೂರನೇ ಸಲ ಕೇಳಿದರು. ಮಗಳ ಮದುವೆಗೆ ಒಂದು ಬ್ಯಾಂಡ್‌ಸೆಟ್ ಗೊತ್ತುಮಾಡಲು ಅವರು ಕಿಬ್ಬನಹಳ್ಳಿಯಿಂದ ಸೈಕಲ್ ತುಳಿದುಕೊಂಡು ಬಂದಿದ್ದರು.

ಗಂಗಿ ಸುತ್ತ ನೋಡಿದಳು. ತೆಂಗಿನ ತೋಟದಲ್ಲಿ ಅರ್ಧ ಊರೇ ಕೂತಿತ್ತು. ಅವಳ ಐದನೇ ಕ್ಲಾಸಿನವರು ಮುಂದಿನ ಸಾಲಿನಲ್ಲೇ ಇದ್ದರು. ಒಂದು ಬ್ಯಾಂಡಿಗೆ ಹನ್ನೆರಡು ಜನ ಅಂದರೂ ಐದಕ್ಕೆ ಅರವತ್ತಾಯಿತು ಎಂದು ಅಜ್ಜಿ ಬೋರಮ್ಮ ಕೊಳದಪ್ಪಲೆ ತುಂಬ ಉಪ್ಪಿಟ್ಟು ಮಾಡಿಟ್ಟಿದ್ದರು.

ತಿಪಟೂರಿನಿಂದ ವೀರಭದ್ರ ಮಾವ ಕಾರ್ಡು ಬರೆದಿದ್ದ: “ಭಾನುವಾರ ಬರುತ್ತೇನೆ. ನನ್ನ ಹೊಸ ಆಂಟೆನಾದಲ್ಲಿ ಐದು ಬ್ಯಾಂಡ್ ಬರುತ್ತವೆ.” ಅರ್ಥವಾಗದ ಪದವನ್ನು ಹಾರಿಸಿ ಓದುವುದು ಗಂಗಿಯ ಹಳೆಯ ಚಾಳಿ. ಆಂಟೆನಾ ಹಾರಿಹೋಯಿತು, ಐದು ಬ್ಯಾಂಡ್ ಉಳಿಯಿತು. ಮರುದಿನವೇ ಸ್ಕೂಲಿಗೆಲ್ಲ ಸುದ್ದಿ.

ಮಾವ ಬಂದದ್ದು ಒಬ್ಬನೇ. ಬಸ್ಸಿನ ಟಾಪಿನಿಂದ ಇಳಿಸಿದ್ದು ನಾಲ್ಕು ಪೈಪು, ತಂತಿಯ ಸುರುಳಿ, ಬ್ಯಾಟರಿ, ಒಂದು ರೇಡಿಯೋ. ಪೈಪುಗಳನ್ನು ಒಂದರೊಳಗೊಂದು ಸಿಕ್ಕಿಸಿ, ಕಾಯಿ ಕೀಳುವ ಬಿದಿರಿನ ದೋಟಿಗೆ ಕಟ್ಟಿ ನೆಟ್ಟಗೆ ನಿಲ್ಲಿಸಿದ. ಬುಡದ ಸುತ್ತ ನೆಲದ ಮೇಲೆ ವೈರು ಹಾಸಿ, ಪೈಪಿನಿಂದ ರೇಡಿಯೋಗೂ ಒಂದು ವೈರು ಎಳೆದ.

“ಸುರುಳಿ ಮೇಲಿನ ಈ ಕ್ಲಿಪ್ಪು ಸರಿಸಿದ್ರೆ ಬ್ಯಾಂಡ್ ಬದಲಾಯ್ತದೆ. ಇದು ನಲವತ್ತು ಮೀಟರ್ ಬ್ಯಾಂಡು.”

ಟೈಲರ್ ಲಕ್ಷ್ಮಯ್ಯ ತಲೆದೂಗಿದರು. “ನಲವತ್ತು ಮೀಟ್ರಾ? ಹನ್ನೆರಡು ಜನಕ್ಕೂ ಪ್ಯಾಂಟು ಕೋಟು ಆಯ್ತವೆ ಬುಡಿ.”

“ಅಯ್ಯೋ, ಇದು ಊದೋ ಬ್ಯಾಂಡಲ್ಲ ಕಣ್ರೀ! ದೂರದೋರ ಜೊತೆ ಮಾತಾಡೋದು!”

“ಸುಳ್ಬುರ್ಕಿ!” ಮುಂದಿನ ಸಾಲಿನಿಂದ ಬಸವರಾಜು ಗಂಗಿಯತ್ತ ಕೂಗಿದ. ನಾಳೆ ಸ್ಕೂಲಿನಲ್ಲಿ ಹೇಗೆ ಮುಖ ತೋರಿಸುವುದು? ಅವಳಿಗೆ ಅಳು ಬಂತು.

ಮಾವ ಮೈಕು ಹಿಡಿದು “ಸೀಕ್ಯೂ, ಸೀಕ್ಯೂ” ಎಂದ. ಯಾರಾದರೂ ಇದ್ದೀರಾ ಎಂದು ರೇಡಿಯೋದವರು ಕೂಗುವುದು ಹಾಗೆ. ರೇಡಿಯೋ ಗೊರ್ರ್ ಎಂದಿತೇ ಹೊರತು ಯಾರೂ ಓಗೊಡಲಿಲ್ಲ. ಜನ ಬಿದ್ದು ಬಿದ್ದು ನಕ್ಕರು.

“ಒಂದು ಹಾಡಾದ್ರೂ ಹಾಕಪ್ಪ,” ಎಂದರು ಅಜ್ಜಿ.

ಮಾವ ಗಂಗಿಯ ಕಡೆ ಬಗ್ಗಿದ. “ಬುಧವಾರ ಬೋರನಕಣಿವೇಲಿ ಟೆಂಟ್ ಹಾಕ್ತೀವಿ ಕಣೇ, ರೇಡಿಯೋ ಫ್ರೆಂಡ್ಸೆಲ್ಲ,” ಎಂದು ಮೆಲ್ಲಗೆ ಹೇಳಿದ. “ಐದೂ ಬ್ಯಾಂಡ್ ಬಂದೇ ಬತ್ತವೆ ಅಂತ ಎಲ್ರಿಗೂ ಹೇಳ್ಬುಟ್ಟಿದ್ದೀನಿ.”

ಮಾವನಿಗೂ ಒಂದು ಐದನೇ ಕ್ಲಾಸು ಇದೆ ಎಂದು ಗಂಗಿಗೆ ಆಗ ಗೊತ್ತಾಯಿತು.

ಅವಳು ಕಣ್ಣೊರೆಸಿಕೊಂಡು ಒಂದೊಂದೇ ವೈರಿನ ಹಿಂದೆ ನಡೆದಳು. ಕರಿಯಣ್ಣನ ಸೈಕಲ್ ಸ್ಟ್ಯಾಂಡಿಗೆ ಸಿಕ್ಕಿ ಪೈಪಿನಿಂದ ಬರುವ ವೈರು ಕಿತ್ತುಬಂದಿತ್ತು.

“ಸೈಕಲ್ ತೆಗೀರಿ ಕರಿಯಣ್ಣ! ಎಲ್ರೂ ವೈರ್ ಬುಟ್ಟು ಏಳ್ರೀ!”

ಮಾವ ವೈರು ಸೇರಿಸಿ ಮತ್ತೆ ಕೂಗಿದ. ಗೊರ್ರ್ ನಡುವೆ ಯಾರೋ ಮೂಗಿನಲ್ಲಿ ಇಂಗ್ಲಿಷ್ ಮಾತಾಡಿದರು.

“ಮದ್ರಾಸು! ಮದ್ರಾಸು ಕಣೇ!” ಮಾವ ಕುಣಿದ.

ಯಾರೂ ತಿರುಗಿ ನೋಡಲಿಲ್ಲ. ಅಜ್ಜಿ ಆಗಲೇ ಉಪ್ಪಿಟ್ಟು ಬಡಿಸುತ್ತಿದ್ದರು.

“ಬ್ಯಾಂಡ್ ಎಲ್ಲೇ?” ಬಸವರಾಜು ಬಾಯಿ ತುಂಬಿಕೊಂಡೇ ಕೇಳಿದ.

ಗಂಗಿ ದೋಟಿ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು ನಿಂತಳು.

“ಒಂದಾಯ್ತು ಮಾವ. ಕ್ಲಿಪ್ ಸರಿಸು, ಇನ್ನೂ ನಾಕವೆ.”