ಮೂರರಲ್ಲಿ ನಡುವಿನದು

ಕರೆಂಟು ಮರಳಿ ಬಂದಾಗ ತಾಮ್ರದ ಉಗ್ರಾಣದ ಬಾಗಿಲು ತೆರೆದೇ ಇತ್ತು. ಹೊಸ್ತಿಲಿಗೆ ಅಡ್ಡವಾಗಿ ಕಾವಲುಗಾರ ಬೋರಲು ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಒಳಗೆ ತಂತಿಯ ಸುರುಳಿ ಒಂದೂ ಉಳಿದಿರಲಿಲ್ಲ. ಮೋಟಾರು ತಯಾರಿಸುವ ಕಾರ್ಖಾನೆಯಲ್ಲಿ ತಾಮ್ರವೆಂದರೆ ಚಿನ್ನವೇ.

ಅವನನ್ನು ಆಸ್ಪತ್ರೆಗೆ ಹೊತ್ತು ಓಡಿದರು. ದಾರಿಯಲ್ಲೇ ಜೀವ ಹೋಯಿತು. ಪೊಲೀಸರು ತಡಮಾಡದೆ ರಸ್ತೆಗಳನ್ನೆಲ್ಲ ಅಡ್ಡಗಟ್ಟಿದರು. ಮಾಲು ಹೊತ್ತ ಒಂದು ಗಾಡಿಯೂ ಸಿಗಲಿಲ್ಲ.

ಮಾರನೆಯ ಬೆಳಿಗ್ಗೆ ಇನ್‌ಸ್ಪೆಕ್ಟರಮ್ಮ ಬಂದಳು. ಐವತ್ತರ ಆಸುಪಾಸು. ಕೋಪ ಸದಾ ಮೂಗಿನ ತುದಿಯಲ್ಲಿ. ಗೇಟಿನಲ್ಲಿ ಎದುರುಗೊಂಡವನು ಸಹಾಯಕ ಮ್ಯಾನೇಜರ್. ಮಾತು ನುಣುಪು. ಕೆಲಸಗಾರರು ಅವನನ್ನು 'ಬೆಣ್ಣೆ' ಎನ್ನುತ್ತಿದ್ದರು.

"ಎಲ್ಲಿ ಕೂತ್ಕೋತೀರಿ ಮೇಡಂ? ನನ್ನ ರೂಮಿದೆ, ಆದ್ರೆ ಇಬ್ಬರು ಕೂತ್ರೆ ಮೂರನೆಯವರು ನಿಂತೇ ಇರಬೇಕು. ಮೀಟಿಂಗ್ ರೂಮು ಖಾಲಿ ಇದೆ. ಇಲ್ಲಾಂದ್ರೆ ಕ್ಯಾಂಟೀನು, ಪಾತ್ರೆ ಸದ್ದು ತಡ್ಕೊಳ್ಳೋದಾದ್ರೆ."

"ಮೀಟಿಂಗ್ ರೂಮು. ಬೇಗ."

* * *

ಮೊದಲು ಸಿಕ್ಕಿಬಿದ್ದವನು ಎಲೆಕ್ಟ್ರಿಷಿಯನ್. ಮುಖ್ಯ ಸ್ವಿಚ್ ಬದಲಾಯಿಸಲು ಕರೆಂಟು ತೆಗೆದವನು ಅವನೇ. ಕರೆಂಟು ಹೋದಾಗ ಅಪಾಯದ ಗಂಟೆಯೂ ಸತ್ತಿತ್ತು, ಕ್ಯಾಮೆರಾಗಳೂ ಸತ್ತಿದ್ದವು. ಕಳ್ಳರು ನುಗ್ಗಿದ್ದು ಆಗಲೇ.

"ನಾಲ್ಕು ಗಂಟೆಗೆ ತೆಗಿ ಅಂತ ನಿನಗೆ ಯಾವಾಗ ಹೇಳಿದ್ರು?"

"ಮೂರೂವರೆಗೆ, ಮೀಟಿಂಗ್ ಮುಗಿದ ಮೇಲೆ. ಅಲ್ಲೀವರೆಗೆ ನಿನ್ನೆಯೋ ಭಾನುವಾರವೋ ಅನ್ನೋದು ಆ ದೇವರಿಗೂ ಗೊತ್ತಿರಲಿಲ್ಲ."

"ದೇವರನ್ನ ಆಮೇಲೆ ವಿಚಾರಿಸ್ತೀನಿ. ಹೊರಗೆ ಯಾರಿಗೆ ಫೋನ್ ಮಾಡಿದೆ?"

"ಫೋನೆಲ್ಲಾ ಗೇಟಲ್ಲೇ ಕೊಟ್ಟು ಬರಬೇಕು ಮೇಡಂ. ದೊಡ್ಡವರದ್ದೂ ಅಷ್ಟೇ. ಕೆಲಸ ಮುಗಿಯೋವರೆಗೆ ಇಬ್ಬರು ನನ್ನ ಪಕ್ಕದಲ್ಲೇ ಇದ್ರು."

ಇಬ್ಬರೂ ಹೌದೆಂದರು. ಎಲೆಕ್ಟ್ರಿಷಿಯನ್ ಬಚಾವಾದ.

ಹೆಡ್ ಕಾನ್‌ಸ್ಟೇಬಲ್ ಹಿಂದಿನ ಓಣಿಯಿಂದ ದರ್ಜಿ ಹೆಂಗಸೊಬ್ಬಳನ್ನು ಕರೆತಂದ.

"ಮಧ್ಯಾಹ್ನದ ಊಟಕ್ಕೆ ಮುಂಚೆಯಿಂದಲೂ ಒಂದು ವ್ಯಾನು ನನ್ನ ಅಂಗಡಿ ಬೆಳಕಿಗೇ ಅಡ್ಡ ನಿಂತಿತ್ತಮ್ಮಾ. ತೆಗಿಯೋ ಮಾರಾಯಾ, ಸೂಜಿಗೆ ದಾರ ಪೋಣಿಸೋಕೆ ಆಗ್ತಿಲ್ಲ ಅಂದೆ. ನಾಲ್ಕು ಗಂಟೆ ಕಳೀಲಿ ಅಕ್ಕಾ, ಹೋಗ್ತೀವಿ ಅಂದ."

ಇನ್‌ಸ್ಪೆಕ್ಟರಮ್ಮ ಪೆನ್ನನ್ನು ಮೇಜಿನ ಮೇಲೆ ಎಸೆದಳು. ತೀರ್ಮಾನವಾದದ್ದು ಮೂರು ಗಂಟೆಯ ಮೇಲೆ. ವ್ಯಾನಿನವನಿಗೆ ಮಧ್ಯಾಹ್ನವೇ ಗೊತ್ತಿತ್ತು. ಹುಟ್ಟದ ತೀರ್ಮಾನ ಹೊರಗೆ ಹೋದದ್ದು ಹೇಗೆ?

ಮೇಲಧಿಕಾರಿಗೆ ಫೋನಿನಲ್ಲಿ ಹೇಳಿದಳು. ಅವರು ಕ್ಷಣವೂ ಯೋಚಿಸಲಿಲ್ಲ. "ತೀರ್ಮಾನ ಮಾಡಿದವನು ಮ್ಯಾನೇಜರ್ ತಾನೆ? ಮೊದಲೇ ಗೊತ್ತಿರೋಕೆ ಸಾಧ್ಯ ಇದ್ದದ್ದು ಅವನೊಬ್ಬನಿಗೇ. ಸಂಜೆಯೊಳಗೆ ಒಳಗೆ ಹಾಕಿ."

* * *

ಮ್ಯಾನೇಜರ್ ನೆಟ್ಟಗೆ ಕೂತಿದ್ದ. ಇಸ್ತ್ರಿ ಮುರಿಯದ ಅಂಗಿ.

"ನಾಲ್ಕು ಗಂಟೆ ಅಂತ ಹೇಳಿದ್ದು ಯಾರು?"

"ನಾನು."

"ಯಾರಾದ್ರೂ ಒತ್ತಾಯ ಮಾಡಿದ್ರಾ?"

"ನನ್ನನ್ನಾ? ಆರು ವರ್ಷದಿಂದ ಈ ಕುರ್ಚೀಲಿ ಕೂತಿದೀನಿ. ಇನ್ನೊಬ್ಬರ ತಾಳಕ್ಕೆ ಕುಣಿದವನಲ್ಲ."

"ಮುಂಚೇನೇ ಮನಸ್ಸಲ್ಲಿತ್ತಾ?"

"ಇಲ್ಲ. ಅಲ್ಲೇ ಯೋಚಿಸಿದೆ, ಅಲ್ಲೇ ತೀರ್ಮಾನಿಸಿದೆ."

ಅವಳ ಪಿತ್ತ ನೆತ್ತಿಗೇರಿತು. "ರೀ ಸ್ವಾಮಿ, ನಿಮ್ಮ ಕೊರಳಿಗೆ ನೀವೇ ಹಗ್ಗ ಬಿಗೀತಾ ಇದೀರಿ! ಇಂಥವರು ಹೇಳಿಕೊಟ್ರು ಅಂತ ಒಂದು ಮಾತು ಅಂದ್ರೆ ಈಗಲೇ ಮನೆಗೆ ಹೋಗಬಹುದು. ಇಲ್ಲಾಂದ್ರೆ ಸಂಜೆ ಬೇಡಿ ಹಾಕ್ತೀನಿ."

"ಹಾಕಿ. ಸುಳ್ಳು ಹೇಳಲ್ಲ. ತೀರ್ಮಾನ ನಂದೇ."

ಇಂಥ ಮೊಂಡನನ್ನು ಅವಳು ಕಂಡಿರಲಿಲ್ಲ. ಉಸಿರು ಬಿಟ್ಟು ಕೇಳಿದಳು: "ಏನೇನು ಯೋಚಿಸಿದ್ರಿ, ಅದನ್ನಾದ್ರೂ ಹೇಳಿ."

"ಮೂರು ದಾರಿ ಇತ್ತು. ತಕ್ಷಣ ತೆಗೀಬಹುದಿತ್ತು, ಆದ್ರೆ ಓಡ್ತಿರೋ ಯಂತ್ರ ಎಲ್ಲಾ ಕೆಡುತ್ತೆ. ಭಾನುವಾರಕ್ಕೆ ತಳ್ಳಿದ್ರೆ ಅಷ್ಟರಲ್ಲಿ ಸ್ವಿಚ್ಚೇ ಸುಟ್ಟುಹೋಗಬಹುದು. ನಡುವಿನದು ನಾಲ್ಕು ಗಂಟೆ, ಪಾಳಿ ಬದಲಾಗೋ ಹೊತ್ತು. ಯಾರಿಗೂ ತೊಂದರೆ ಇಲ್ಲ."

"ಮೂರೇ ಯಾಕೆ?"

ಮ್ಯಾನೇಜರನ ಮುಖ ಮೊದಲ ಸಲ ಅರಳಿತು. "ಅದು ನನ್ನ ನಿಯಮ. ಸಮಸ್ಯೆ ಹೊತ್ಕೊಂಡು ಯಾರೂ ಬರಿಗೈಲಿ ನನ್ನ ಮುಂದೆ ನಿಲ್ಲಬಾರದು. ಮೂರು ಪರಿಹಾರ ತರಬೇಕು. ಆರಿಸೋದು ನಾನು."

"ತರೋದು?"

"ನಮ್ಮ ಸಹಾಯಕ. ಯಾವಾಗಲೂ ಅವನೇ."

ಗೋಡೆಯಾಚೆ ಕುರ್ಚಿಯೊಂದು ಕಿರ್ ಎಂದಿತು. ತೆಳು ಹಲಗೆಯ ಗೋಡೆ. ಆಚೆ ಬೆಣ್ಣೆಯ ರೂಮು. ಇಲ್ಲಿ ಆಡಿದ ಮಾತೆಲ್ಲ ಅಲ್ಲಿಗೆ ಕೇಳಿಸುತ್ತಿತ್ತು.

ಈ ರೂಮನ್ನು ಆರಿಸಿದ್ದು ಯಾರು? ತಾನೇ. ಒಂದು ತೀರಾ ಇಕ್ಕಟ್ಟು, ಇನ್ನೊಂದು ತೀರಾ ಗದ್ದಲ. ತಾನೇ ಆರಿಸಿದೆ ಎಂದು ಬೀಗಿ ಬಂದು ಕೂತಿದ್ದಳು.

ಅವಳ ಕಿವಿ ಬಿಸಿಯಾಯಿತು.

* * *

ಬೆಣ್ಣೆಯನ್ನು ಒಳಗೆ ಕರೆದಳು. ದನಿ ತಗ್ಗಿಸಿಕೊಂಡಳು, ಅದೇ ಅವಳಿಗೆ ದೊಡ್ಡ ಕಷ್ಟ.

"ಮಾಲು ದೂರ ಹೋಗಿಲ್ಲ. ಹುಡುಕೋಕೆ ನಮ್ಮ ಹತ್ರ ಜನ ಕಮ್ಮಿ. ಎಲ್ಲಿ ಹುಡುಕೋಣ? ಸಾಹೇಬರ ನಿಯಮದಂತೆ ಮೂರು ಜಾಗ ಹೇಳಿ. ಅವರು ಆರಿಸ್ಲಿ."

ಬೆಣ್ಣೆ ತಡವರಿಸಲಿಲ್ಲ. "ಒಂದು, ಊರಿನ ಗುಜರಿ ಅಂಗಡಿಗಳು. ನೂರಾರಿವೆ, ವಾರ ಹಿಡಿಯುತ್ತೆ. ಎರಡು, ಗುತ್ತಿಗೆ ಕೆಲಸಗಾರರ ಮನೆಸಾಲು. ಹತ್ತಿರ ಇದೆ, ಇವತ್ತೇ ಮುಗಿಯುತ್ತೆ. ಮೂರು, ಎದುರಿನ ಹಳೇ ಶೆಡ್ಡು. ಅದಕ್ಕೆ ಕೋರ್ಟಿನ ಬೀಗ ಬಿದ್ದಿದೆ. ಆರ್ಡರ್ ತರಬೇಕು. ಒಳಗೆ ಹಾವುಗಳೂ ಇವೆಯಂತೆ."

ಮ್ಯಾನೇಜರ್ ಗಲ್ಲ ಕೆರೆದುಕೊಂಡ. ಗಂಭೀರವಾಗಿ ಯೋಚಿಸಿದ. "ಎರಡನೇದು," ಎಂದ.

"ಒಳ್ಳೇ ತೀರ್ಮಾನ," ಎಂದಳು ಇನ್‌ಸ್ಪೆಕ್ಟರಮ್ಮ.

ಹೊರಗೆ ಬಂದು ಹೆಡ್ಡಿನ ಕಿವಿಯಲ್ಲಿ ಉಸುರಿದಳು. "ಜೀಪನ್ನ ಸದ್ದು ಮಾಡ್ಕೊಂಡು ಮನೆಸಾಲಿನ ಕಡೆ ಕಳಿಸು. ನೀನು ನಾಲ್ಕು ಜನರ ಜೊತೆ ಶೆಡ್ಡಿಗೆ ಹೋಗು. ಬೀಗ ಮುಟ್ಟಬೇಡ, ಹಿಂದಿನ ಗೋಡೆ ನೋಡು."

"ಹಾವಿದೆಯಂತಲ್ಲಾ ಮೇಡಂ?"

"ಹಾವು ಒಳಗೆ ಆ ರೂಮಲ್ಲಿ ಕೂತಿದೆ ಕಣಯ್ಯಾ. ಹೋಗು!"

* * *

ಒಂದು ಗಂಟೆಯೊಳಗೆ ಹೆಡ್ಡು ಮರಳಿದ. ಮೈತುಂಬ ಜೇಡರ ಬಲೆ, ಮುಖದ ತುಂಬ ನಗು. ಶೆಡ್ಡಿನ ಹಿಂದಿನ ತಗಡು ಕಳಚಿತ್ತು. ಒಳಗೆ ವ್ಯಾನು, ವ್ಯಾನಿನ ತುಂಬ ತಾಮ್ರ, ತಾಮ್ರದ ಮೇಲೆ ನಿದ್ದೆ ಹೋಗಿದ್ದ ಡ್ರೈವರ್.

ಡ್ರೈವರ್ ಬಾಗಿಲಲ್ಲಿ ನಿಂತು ನೇರ ಬೆಣ್ಣೆಯತ್ತ ಕೈ ತೋರಿಸಿದ. "ಇವರೇ. ನಾಲ್ಕಕ್ಕೆ ಕರೆಂಟು ಹೋಗುತ್ತೆ ಅಂತ ಹಿಂದಿನ ದಿನವೇ ಹೇಳಿದ್ರು."

"ಹಿಂದಿನ ದಿನವಾ?" ಮ್ಯಾನೇಜರ್ ಎದ್ದು ನಿಂತ. "ಹುಚ್ಚಾ ನಿನಗೆ? ನನಗೇ ಗೊತ್ತಿರಲಿಲ್ಲ!"

"ನಿಮಗೆ ಗೊತ್ತಿರಲಿಲ್ಲ. ಇವನಿಗೆ ಗೊತ್ತಿತ್ತು," ಎಂದಳು ಇನ್‌ಸ್ಪೆಕ್ಟರಮ್ಮ. "ಅತ್ತ ಒಂದು ಆಗದ್ದು, ಇತ್ತ ಒಂದು ಆಗದ್ದು ಇಡ್ತಾನೆ. ನಡುವೆ ತನಗೆ ಬೇಕಾದ್ದು. ನೀವು ತೂಗಿ ನೋಡಿ ಅದನ್ನೇ ಎತ್ಕೋತೀರಿ. ಬೆಳಿಗ್ಗೆ ನಾನೂ ಎತ್ಕೊಂಡೆ. ಮಾಲಿರೋ ಜಾಗ ಕಣ್ಣೆದುರಿಗೇ ಇದೆ, ಅದರ ಹೆಸರು ಬಿಟ್ರೆ ಅನುಮಾನ ಬರುತ್ತೆ. ಅದಕ್ಕೇ ಹೇಳಿದ. ಆದ್ರೆ ಬೀಗ, ಕೋರ್ಟು, ಹಾವು ಅಂತ ಸೇರಿಸಿ ಯಾರೂ ಮುಟ್ಟದ ಹಾಗೆ ಅಂಚಿಗೆ ತಳ್ಳಿದ."

ಬೆಣ್ಣೆಯ ದನಿಯ ನುಣುಪು ಕರಗಿಹೋಗಿತ್ತು. "ಆರು ವರ್ಷ ಈ ಕಾರ್ಖಾನೆ ನಡೆಸಿದ್ದು ನಾನು ಮೇಡಂ. ಕುರ್ಚಿ ಇವರದ್ದು, ಶಾಲು ಇವರದ್ದು, ಹೊಗಳಿಕೆ ಇವರದ್ದು. ಕಾವಲುಗಾರ ಪಾಳಿ ಬದಲಾಗೋವಾಗ ಗೇಟಲ್ಲಿರಬೇಕಿತ್ತು. ಅಲ್ಲಿಗ್ಯಾಕೆ ಬಂದನೋ. ಅವನು ಸಾಯೋದು ನನಗೆ ಬೇಕಿರಲಿಲ್ಲ."

"ಅವನ ಮುಂದೆ ಮಾತ್ರ ಮೂರು ದಾರಿ ಇಡೋಕೆ ಮರೆತುಬಿಟ್ರಿ ಅಲ್ವಾ? ಎಳ್ಕೊಂಡು ಹೋಗ್ರೋ ಇವನನ್ನ!"

ಮ್ಯಾನೇಜರ್ ದಾರಿಗೆ ಅಡ್ಡ ನಿಂತ. ಬೇಡಿ ತಪ್ಪಿದ ಸಮಾಧಾನದ ಕುರುಹೂ ಮುಖದಲ್ಲಿರಲಿಲ್ಲ.

"ಒಂದು ನಿಮಿಷ." "ಹೋದ ವರ್ಷ ನನ್ನ ಬಾಮೈದನನ್ನ ಕೆಲಸದಿಂದ ತೆಗೆದೆನಲ್ಲ. ಅವತ್ತಿನಿಂದ ನನ್ನ ಹೆಂಡತಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅದೂ ನಿಂದೇ ತಾನೆ? ಅದನ್ನೂ ನೀನೇ ನಡುವಿಗೆ ಇಟ್ಟಿದ್ದೆ ತಾನೆ? ಹೌದು ಅನ್ನು. ಮನೆಗೆ ಹೋಗಿ ಅವಳಿಗೆ ಹೇಳ್ತೀನಿ."

ಬೆಣ್ಣೆ ಅವನನ್ನು ಮೇಲಿಂದ ಕೆಳಗೆ ನೋಡಿದ.

"ಇಲ್ಲ ಸಾರ್. ಎಚ್ಚರಿಕೆ ಕೊಟ್ಟು ಬೇರೆ ವಿಭಾಗಕ್ಕೆ ಹಾಕಿ ಅನ್ನೋದನ್ನ ನಡುವಿಗೆ ಇಟ್ಟಿದ್ದೆ. ನೀವು ಅದನ್ನ ಮುಟ್ಟಲೇ ಇಲ್ಲ. ಅದೊಂದು ಮಾತ್ರ ನಿಮ್ಮ ಸ್ವಂತ ತೀರ್ಮಾನ."