ಹಳದಿ ಗೆರೆಯ ಕೆಳಗೆ

"ಯಾಕೆ ಬಂದೆ? ನಡುಗೋ ಕೈ ನೋಡಿ ಇನ್ನೊಂದ್ಸಲ ನಗೋಕಾ?"

ಮೀನಂಗಡಿಯ ಹಿತ್ತಲಲ್ಲಿ ಹಾವುಮೀನಿನ ಬುಟ್ಟಿ ತೊಳೆಯುತ್ತಿದ್ದ ಶುಹೇಯ್ ತಲೆ ಎತ್ತದೆ ಕೇಳಿದ. ನಾಗಿಸಾ ಹತ್ತಿರ ಬಂದು ನಿಂತಳು. ಅವಳ ಮುಷ್ಟಿಯೊಳಗೆ ಒಂದು ಬೋಲ್ಟು ಇತ್ತು.

ಹೋದ ವರ್ಷ ಜಪಾನಿನ ಹಮಾಮತ್ಸು ಪಟ್ಟಣದ ಒಂದೇ ಗ್ಯಾರೇಜಿನಲ್ಲಿ ಇಬ್ಬರೂ ಮೆಕ್ಯಾನಿಕ್ಕುಗಳು. ವಸಂತಕ್ಕೆ ಮದುವೆ ಅಂತ ಮಾತೂ ಆಗಿತ್ತು. ಅಷ್ಟರಲ್ಲಿ ರಿಪೇರಿಯಾಗಿ ಹೋದ ಕಾರೊಂದು ಗಡಗಡ ನಡುಗುತ್ತಾ ವಾಪಸ್ ಬಂತು!

ಪ್ಲಗ್ಗು ನೋಡಿದರು, ಗಾಳಿಯ ಪೈಪು ನೋಡಿದರು, ಎಲ್ಲ ಸರಿ. ಕೊನೆಗೆ ಶುಹೇಯ್ ಕಾರಿನಡಿ ನುಸುಳಿದ. ಬಹಳ ಹೊತ್ತಿನ ಮೇಲೆ ಹೊರಬಂದು, "ಇಂಜಿನ್ ಹಿಡಿದಿಡೋ ಬೋಲ್ಟೇ ಸಡಿಲ" ಅಂದ.

ಬೋಲ್ಟು ಬಿಗಿದವರು ಅದರ ಮೇಲೆ ತಮ್ಮ ಬಣ್ಣದ ಗೆರೆ ಎಳೆಯಬೇಕು, ಅದು ಅಲ್ಲಿಯ ಕಟ್ಟುಪಾಡು. ನಾಗಿಸಾಳದು ಬಿಳಿ, ಶುಹೇಯ್‌ದು ಹಳದಿ.

ಬೋಲ್ಟಿನ ಮೇಲೆ ಇದ್ದದ್ದು ಹಳದಿ.

ಚಿಕ್ಕಂದಿನ ಗಾಯದಿಂದ ಅವನ ಬಲಗೈ ಕೊಂಚ ನಡುಗುತ್ತಿತ್ತು. ಎಲ್ಲರೆದುರೇ ಅವಳು ಅಂದುಬಿಟ್ಟಳು: "ಕಾರಲ್ಲ ನಡುಗಿದ್ದು, ನಿನ್ನ ಕೈ! ಈ ಕೈ ಹಿಡ್ಕೊಂಡು ನಾನು ಬಾಳ್ಬೇಕಾ? ಥೂ!"

ಅಯ್ಯೋ, ಎಂಥ ನಾಲಿಗೆ ಅವಳದು! ಅವನು ಕೆಲಸ ಕಳೆದುಕೊಂಡು ತಲೆಬಾಗಿ ಹೊರಟುಹೋದ. ಗ್ಯಾರೇಜಿನ ಯಜಮಾನರು ಆ ಬೋಲ್ಟನ್ನು ಪಾಠವಾಗಲಿ ಅಂತ ಗೋಡೆಗೆ ನೇತುಹಾಕಿದರು. ವರ್ಷವಿಡೀ ಹೊಸಬರಿಗೆ ಅದನ್ನು ತೋರಿಸಿ ನಕ್ಕವಳೂ ಅವಳೇ.

ಇವತ್ತು ಬೆಳಿಗ್ಗೆ ಗ್ಯಾರೇಜಿನಲ್ಲಿ ವರ್ಷದ ಕೊನೆಯ ದೊಡ್ಡ ಸ್ವಚ್ಛತೆ. ಬಣ್ಣ ಕರಗಿಸುವ ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಬೋಲ್ಟು ಉಜ್ಜಿದಳು. ಹಳದಿ ಕಿತ್ತುಬಂತು... ಕೆಳಗೆ, ಇಂಜಿನ್ ಕಾವಿಗೆ ಸುಟ್ಟು ಅಂಟಿದ್ದ ಬಿಳಿ ಗೆರೆ!

ನನ್ನ ಗೆರೆ! ಬಿಗಿಯದೇ ಗೆರೆ ಎಳೆದವಳು ನಾನಾ? ಅವತ್ತು ಕಾರಿನಡಿ ಅದನ್ನು ಹಳದಿಯಿಂದ ಮುಚ್ಚಿದವನು ಅವನಾ?

"ಯಾಕೆ ಹೀಗೆ ಮಾಡ್ದೆ ಶುಹೇಯ್?" ಈಗ ಅವನ ಮುಂದೆ ಬೋಲ್ಟು ಚಾಚಿ ಕೇಳಿದಳು.

"ಮೂರು ವರ್ಷ ಎಲ್ಲರಿಗೂ ಚಹಾ ಕೊಟ್ಟೂ ಕೊಟ್ಟೂ ಸ್ಪ್ಯಾನರ್ ಹಿಡಿದವಳು ನೀನು. ಒಂದು ತಪ್ಪು ಸಿಕ್ಕಿದ್ರೂ ಮತ್ತೆ ಚಹಾಕ್ಕೇ ಕಳಿಸ್ತಿದ್ರು."

"ಯಜಮಾನ್ರಿಗೆ ಎಲ್ಲಾ ಹೇಳ್ದೆ. ನನ್ನ ಸ್ಪ್ಯಾನರ್ ಕಿತ್ಕೊಂಡ್ರು," ಅಂದಳು ಅವಳು.

"ಕೆಲಸ ಹೋಗಿದ್ದಕ್ಕೆ ನಾನು ಅಳ್ಲಿಲ್ಲ ನಾಗಿಸಾ. ನಿನ್ನ ಆ ಮಾತಿಗೆ ಅತ್ತೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಒದ್ದೆ ನೆಲದ ಮೇಲೆ ಕುಸಿದಳು.

"ಕ್ಷಮಿಸು ಅನ್ನೋ ಯೋಗ್ಯತೆ ನಂಗಿಲ್ಲ... ಆದ್ರೆ ನಿನ್ನ ಬಿಟ್ಟು ಇರೋಕಾಗಲ್ಲ ಕಣೋ!"

ಅವಳು ಅಳುತ್ತಲೇ ಇದ್ದಳು, ಅವನು ಉಳಿದ ಬುಟ್ಟಿಗಳನ್ನೆಲ್ಲ ತೊಳೆದು ಮುಗಿಸಿದ. ಆಮೇಲೆ ಬಲಗೈ ಚಾಚಿದ. ಅದು ನಡುಗುತ್ತಿತ್ತು.

ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಬಿಗಿಯಾಗಿ ಹಿಡಿ," ಅಂದ ಮೆಲ್ಲಗೆ. "ಈ ಸಲ ಮರೀಬೇಡ."